ಸೂರಿನ ನೀರು

ಚರ್ಚಿನ ಉತ್ತರದ ಗೋಡೆ ಒಡೆಯಬೇಕೆಂದು ಊರು ತೀರ್ಮಾನಿಸಿದಾಗ ಏವಿಸ್ ಬಾಯಿ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ತೀರ್ಮಾನ ಮಾಡಿಸಿದವನು ಅವಳ ಗಂಡ ಡ್ರೂ. ಅದಕ್ಕೆ ಬೇಕಾದ ಹಣ ಹುಟ್ಟಿದ್ದು ಅವಳೇ ಕಾಸಿದ ಹೆಂಡದಿಂದ. ಅವರ ಊರು ಓರ್ಸ್ಬಿಯಲ್ಲಿ ಚರ್ಚಿಗೆ ದುಡ್ಡು ಬೇಕಾದಾಗಲೆಲ್ಲ ಬಾರ್ಲಿ ಹೆಂಡ ಕಾಸುತ್ತಾರೆ, ಊರೆಲ್ಲ ಚರ್ಚಿನ ಅಂಗಳದಲ್ಲೇ ಕೂತು ಕುಡಿಯುತ್ತದೆ, ಕುಡಿದದ್ದಕ್ಕೆ ಕೊಟ್ಟದ್ದೆಲ್ಲ ಚರ್ಚಿಗೆ. ಊರಿನಲ್ಲಿ ಏವಿಸಳಷ್ಟು ಚೆನ್ನಾಗಿ ಕಾಸುವವರು ಇನ್ನೊಬ್ಬರಿಲ್ಲ. ಹಾಗಾಗಿ ಆ ಗೋಡೆ ಬೀಳುವುದಕ್ಕೆ ಅವಳಷ್ಟು ದುಡಿದವರೂ ಇನ್ನೊಬ್ಬರಿಲ್ಲ.

ಆ ಗೋಡೆಯ ಬುಡದಲ್ಲಿ, ಸೂರಿನ ನೀರು ಬಿದ್ದು ಬಿದ್ದು ಗೆರೆ ಕೊರೆದ ಜಾಗದಲ್ಲಿ, ಅವಳ ಚೊಚ್ಚಲ ಮಗಳಿದ್ದಳು.

ಮಗು ಅಳದೇ ಹುಟ್ಟಿತ್ತು. ಒಂದೇ ಒಂದು ಉಸಿರು ಎಳೆದಿದ್ದರೂ ಸೂಲಗಿತ್ತಿಯೇ ತಲೆಗೆ ನೀರು ಹಾಕಿ ಜ್ಞಾನಸ್ನಾನ ಮಾಡಿಸಬಹುದಿತ್ತು, ಅವಸರದಲ್ಲಿ ಅದಕ್ಕೆ ಪಾದ್ರಿ ಬೇಕಿಲ್ಲ. ಸತ್ತು ಹುಟ್ಟಿದ್ದಕ್ಕೆ ಮಾತ್ರ ಯಾರೂ ಏನೂ ಮಾಡುವಂತಿಲ್ಲ. ಹೆಸರಿಲ್ಲ, ಸಾವಿನ ಗಂಟೆಯಿಲ್ಲ, ಚರ್ಚಿನ ನೆಲದಲ್ಲಿ ಜಾಗವಿಲ್ಲ. ಹಳ್ಳದಾಚೆ ಮುಳ್ಳುಪೊದೆಗಳ ಕೆಳಗೆ ಹೂಳಬೇಕು. ಅಲ್ಲೇ ಹೂತೆ ಎಂದು ಸೂಲಗಿತ್ತಿ ಗುನ್ನಿಲ್ಡಜ್ಜಿ ಆಗಿನ ಪಾದ್ರಿಗೂ ಹೇಳಿದಳು, ಡ್ರೂಗೂ ಹೇಳಿದಳು. ಏವಿಸಳ ಕಿವಿಯಲ್ಲಿ ಮಾತ್ರ ಬೇರೆ ಹೇಳಿದಳು.

"ಚರ್ಚಿನ ಮಾಡಿನಿಂದ ಇಳಿಯೋ ನೀರು ಬರೀ ನೀರಲ್ಲ ಕಣೇ. ಪಾದ್ರಿ ನೀರು ಹಾಕದಿದ್ರೆ ಚರ್ಚಿನ ಮಾಡೇ ಹಾಕ್ತದೆ. ಸೂರಿನ ಕೆಳಗೆ ಕಲ್ಲಿನ ಮುಖಗಳಿವೆಯಲ್ಲ, ಅದರಲ್ಲಿ ನಾಲಿಗೆ ಚಾಚಿದ್ದು ಒಂದಿದೆ. ಅದರ ನೇರ ಕೆಳಗೆ ಹೂತಿದ್ದೀನಿ. ಯಾರ ಹತ್ರಾನೂ ಉಸಿರೆತ್ತಬೇಡ. ಎತ್ತಿದ್ರೆ ಅಗೆದು ಬಿಸಾಕ್ತಾರೆ."

ಮರುವರ್ಷ ದೊಡ್ಡ ಸಾವು ಎಂದು ಜನ ಕರೆಯುವ ಮಹಾಮಾರಿ ಬಂತು. ಅಜ್ಜಿ ಹೋದಳು, ಪಾದ್ರಿ ಹೋದ, ಊರಲ್ಲಿ ಅರ್ಧಕ್ಕರ್ಧ ಹೋಯಿತು. ಏವಿಸ್ ಉಳಿದಳು. ಆಮೇಲೆ ಇಬ್ಬರು ಗಂಡುಮಕ್ಕಳು ಹುಟ್ಟಿ, ಬೆಳೆದು, ಈಗ ಅಪ್ಪನ ಕುರಿಗಳ ಹಿಂದೆ ಹೋಗುತ್ತಾರೆ. ಅವರಿಂದ ಅವಳಿಗೆ ಕೊರತೆಯಿಲ್ಲ. ಆದರೂ ಮಳೆ ಬಂತೆಂದರೆ ಅವಳಿಗೆ ಚರ್ಚಿನಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಉತ್ತರದ ಕಡೆಯಿಂದ ಸುತ್ತಿ ಹೋಗುವಳು. ನಾಲಿಗೆ ಚಾಚಿದ ಮುಖದ ಕೆಳಗೆ ನೀರು ಮಣ್ಣಿಗೆ ಬೀಳುವುದನ್ನು ಸ್ವಲ್ಪ ಹೊತ್ತು ನೋಡುವಳು. ಮುಗಿಯಿತು. ಪ್ರಾರ್ಥನೆ ಮಾಡಿದರೆ ಯಾರಾದರೂ ನೋಡಿಯಾರು ಎಂದು ಅದನ್ನೂ ಮಾಡುತ್ತಿರಲಿಲ್ಲ.

ಓರ್ಸ್ಬಿಯ ಚರ್ಚು ಒಂದೇ ಕಾಲದಲ್ಲಿ ಕಟ್ಟಿದ್ದಲ್ಲ. ಗೋಪುರದ ಬುಡದ ದಪ್ಪ ಕಲ್ಲುಗಳು ಯಾರ ಕಾಲದವೆಂದು ಹೇಳುವವರೇ ಇಲ್ಲ. ದಕ್ಷಿಣದ ಬಾಗಿಲಿನ ದುಂಡು ಕಮಾನು ಮುತ್ತಜ್ಜಂದಿರ ಅಜ್ಜಂದಿರದ್ದು. ಆ ಕಡೆಯ ಪಡಸಾಲೆ, ಅದರ ಚೂಪು ಕಮಾನುಗಳು, ತೆಳ್ಳನೆ ಕಂಬಗಳು ಅದರ ನಂತರದವು. ಉತ್ತರಕ್ಕೂ ಅಂಥದೇ ಪಡಸಾಲೆ ಕೂಡಿಸಬೇಕೆಂದು ಆಗಿನವರು ಗೋಡೆಯ ಮೂಲೆಯಲ್ಲಿ ಕಲ್ಲುಗಳನ್ನು ಹಲ್ಲಿನಂತೆ ಹೊರಗೆ ಬಿಟ್ಟು ಹೋಗಿದ್ದರು. ಅವರ ಕೈಯಲ್ಲಿ ಆಗಲಿಲ್ಲ. ಅವರ ನಂತರದವರನ್ನು ದೊಡ್ಡ ಸಾವು ಗುಡಿಸಿಕೊಂಡು ಹೋಯಿತು. ಈಗ ಊರಲ್ಲಿ ಜನ ಕಡಿಮೆ, ಕುರಿ ಜಾಸ್ತಿ, ಉಣ್ಣೆಗೆ ಒಳ್ಳೆ ಬೆಲೆ. ಪಕ್ಕದ ಸ್ಟೆನ್‌ವಿಕ್‌ನವರು ತಮ್ಮ ಚರ್ಚಿಗೆ ಎರಡೂ ಕಡೆ ಪಡಸಾಲೆ ಕಟ್ಟಿಸಿ, ಜಾತ್ರೆ ಸಂತೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಉತ್ತರಕ್ಕೂ ಪಡಸಾಲೆ, ಅಲ್ಲಿ ದೊಡ್ಡ ಸಾವಿನಲ್ಲಿ ಗಂಟೆಯಿಲ್ಲದೆ ಗುಂಡಿಗೆ ಬಿದ್ದವರ ಹೆಸರಲ್ಲಿ ಒಂದು ಬಲಿಪೀಠ, ಅದರ ಮೇಲೆ ಎತ್ತರದ ಕಿಟಕಿ, ಚಾಚಿಕೊಂಡ ಬೆಳಕು. ಊರ ಪರವಾಗಿ ಚರ್ಚಿನ ಉಸ್ತುವಾರಿ ನೋಡುವ ಡ್ರೂಗೆ ಇದೊಂದೇ ಧ್ಯಾನವಾಗಿತ್ತು.

ಮೇಸ್ತ್ರಿ ಹ್ಯಾಮೊ ಹುಲ್ಲಿನಲ್ಲಿ ಗೂಟ ಹೊಡೆದು ದಾರ ಎಳೆದ ದಿನ ಏವಿಸ್ ಅವನಿಗೆ ಹೆಂಡ ತಂದುಕೊಟ್ಟಳು.

"ಎಷ್ಟು ಆಳ ತೋಡ್ತೀರ ಮೇಸ್ತ್ರಿ?"

"ಒಳಗಿನ ನೆಲದ ಮಟ್ಟ ಸಿಗೋ ತನಕ ಅಕ್ಕಾ. ಈ ಕಡೆ ಮಣ್ಣು ಏರಿಕೊಂಡಿದೆ ನೋಡಿ, ಮೊಣಕಾಲಿಗೂ ಮೇಲೆ. ಅಷ್ಟೂ ತೆಗೀಬೇಕು. ಇಲ್ಲಾಂದ್ರೆ ಪಡಸಾಲೆ ಗಿಡ್ಡ ಆಗ್ತದೆ, ನಿಮ್ಮ ಯಜಮಾನರ ಕಿಟಕಿ ಮೇಲಕ್ಕೆ ಹೋಗೋಕೆ ಜಾಗ ಇರಲ್ಲ."

"ತೆಗೆದ ಮಣ್ಣು?"

"ಗಿರಣಿ ದಾರಿಗೆ. ಮಳೆಗಾಲದಲ್ಲಿ ಗಾಡಿ ಹೂತುಕೊಳ್ತದೆ, ಗುಂಡಿ ಮುಚ್ಚೋಕೆ ಬೇಕು ಅಂತ ಗಿರಣಿಯವನು, ಸಬೀನಮ್ಮನ ಗಂಡ, ಆಗ್ಲೇ ಹೇಳಿಟ್ಟಿದ್ದಾನೆ."

ಗಾಡಿಯ ಚಕ್ರದ ಕೆಳಗೆ. ಏವಿಸ್ ಹೂಜಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಆ ನಾಲಿಗೆ ಚಾಚಿದ ಮುಖ ಇದೆಯಲ್ಲ, ಅದರ ಕೆಳಗೆ ಒಂಚೂರು ತೋಡದೇ ಬಿಡೋಕಾಗಲ್ವಾ?"

"ಯಾಕೆ?"

"ಮುಖ ಬಿದ್ದೀತು ಅಂತ. ಚೆನ್ನಾಗಿದೆ."

"ಅದು ಚೆನ್ನಾಗಿದೆಯಾ?" ಹ್ಯಾಮೊ ಗಡ್ಡ ಒರೆಸಿಕೊಂಡು ನಕ್ಕ. "ಡ್ರೂನ ನೋಡೀ ನೋಡೀ ನಿಮಗೆ ಅಭ್ಯಾಸ ಆಗಿಹೋಗಿದೆ ಅಕ್ಕಾ. ಆ ಮುಖದ ಚಿಂತೆ ಬಿಡಿ, ಅದಕ್ಕೊಂದು ಜಾಗ ಅಂತಿಲ್ಲ. ದೊಡ್ಡ ಗಾಳಿ ಬಂದ ವರ್ಷ ಮಾಡು ಹಾರಿಹೋಯ್ತಲ್ಲ, ಆ ಸೂರಿನ ಸಾಲು ಪೂರ್ತಿ ಇಳಿಸಿ ಮತ್ತೆ ಕೂರಿಸಿದವನು ನಾನೇ. ಯಾವ ಕಲ್ಲು ಎಲ್ಲಿ ಕೂತ್ಕೊಂಡಿತೋ ಅಲ್ಲಿ ಇಟ್ಟೆ."

ಏವಿಸಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆಯೆತ್ತಿ ಸೂರಿನ ಸಾಲು ನೋಡಿದಳು.

"ಮೊದಲು ಎಲ್ಲಿತ್ತು ಅದು?"

"ಯಾರಿಗೆ ನೆನಪು! ಎಲ್ಲಾ ಕಲ್ಲೂ ಒಂದೇ ರಾಶಿ ಹಾಕಿದ್ವು. ಈ ಉತ್ತರದ ಬಾಗಿಲ ಕಡೆಗಿತ್ತೋ, ಗೋಪುರದ ಕಡೆಗಿತ್ತೋ."

ಗಾಳಿಯ ಆ ಚಳಿಗಾಲವೆಲ್ಲ ಅಲ್ಲಿ ಅಟ್ಟಣಿಗೆ ಕಟ್ಟಿದ್ದರು. ಹುಲ್ಲು ಸತ್ತು ನೆಲ ಕೆಸರಾಗಿತ್ತು. ಅಟ್ಟಣಿಗೆ ಬಿಚ್ಚಿದ ಮೇಲೆ ಏವಿಸ್ ಮುಖ ಹುಡುಕಿದ್ದಳು, ಮುಖ ಸಿಕ್ಕಿತ್ತು, ಅದರ ಕೆಳಗೆ ನಿಂತಿದ್ದಳು. ಅವಳು ನೆಲ ನೋಡಿ ಗುರುತಿಟ್ಟವಳಲ್ಲ, ಮೇಲೆ ನೋಡಿ ಗುರುತಿಟ್ಟವಳು. ಕಲ್ಲು ಎದ್ದು ಹೋದೀತು ಎಂದು ಯಾರು ಎಣಿಸುತ್ತಾರೆ? ಆ ಗಾಳಿಯ ನಂತರ ಇಷ್ಟು ವರ್ಷ ಅವಳು ನಿಂತದ್ದು ಬರಿಯ ಮಣ್ಣಿನ ಮುಂದೆ. ಮಳೆ ಬೀಳುತ್ತಿದ್ದದ್ದು ಅವಳು ನೋಡದ ಇನ್ನೆಲ್ಲೋ, ಮಗುವಿನ ಮೇಲೆ.

ಮಾರನೆಯ ದಿನ ಅವಳು ಉತ್ತರದ ಬಾಗಿಲಿನಿಂದ ಗೋಪುರದವರೆಗೆ ಗೋಡೆಯ ಬುಡದಲ್ಲಿ ನಡೆದಳು. ಮತ್ತೆ ಹಿಂದಕ್ಕೆ ನಡೆದಳು. ಹೆರಿಗೆಯಾದ ಬೆಳಿಗ್ಗೆ ಅಜ್ಜಿ ಬಗಲಲ್ಲಿ ಬಟ್ಟೆಯ ಗಂಟು ಅವುಚಿಕೊಂಡು ಹೋಗಿದ್ದನ್ನು ಅವಳು ಹಾಸಿಗೆಯಿಂದ ನೋಡಿದ್ದಳು, ಅಷ್ಟೆ. ಗೋಡೆಯ ಹತ್ತಿರ ಆಗ ಅವಳಿರಲೇ ಇಲ್ಲ. ನೆನಪು ಮಾಡಿಕೊಳ್ಳಲು ನೆನಪೇ ಇರಲಿಲ್ಲ.

"ಏನೇ ಏವಿಸ್, ಗೋಡೆಗೆ ಅಂಗಿ ಹೊಲಿಸ್ತೀಯಾ? ಅಳತೆ ತಗೋತಿದ್ದೀಯಲ್ಲ." ಗಿರಣಿಯವನ ಹೆಂಡತಿ ಸಬೀನ್ ಬೇಲಿಯ ಹತ್ತಿರ ನಿಂತಿದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

"ತಗೊಂಡ್ರೆ ತಗೊಂಡೆ. ನಿನ್ನ ಗಂಡ ಹಿಟ್ಟು ಅಳೆಯೋದಕ್ಕಿಂತ ಸರಿಯಾಗೇ ಅಳೀತೀನಿ."

"ಅವನ ಅಳತೆಗೇನಾಗಿದೆ? ಅವನಿಗೆ ಸರಿಯಾಗೇ ಬರ್ತದೆ, ನಿಮಗೆ ಕಡಿಮೆ ಬರ್ತದೆ." ಸಬೀನ್ ತನ್ನ ಮಾತಿಗೆ ತಾನೇ ನಕ್ಕಳು. ಆದರೆ ಹೋಗಲಿಲ್ಲ. ಬೇಲಿಯ ಮೇಲೆ ಕೈಯಿಟ್ಟು ಗೋಡೆಯ ಕಡೆಯೇ ನೋಡುತ್ತ ನಿಂತಳು. ಇವಳೊಬ್ಬಳು ಹೋದರೆ ಸಾಕೆಂದು ಏವಿಸ್ ಕಾದಳು. ಕಡೆಗೆ ತಾನೇ ಹೋದಳು.

ಅಗೆತ ಶುರುವಾದ ದಿನ ಊರ ಗಂಡಸರು ಗುದ್ದಲಿ ತಂದರು. ಚರ್ಚಿನ ಮಣ್ಣಿನ ಕೆಲಸಕ್ಕೆ ಯಾರೂ ಕೂಲಿ ಕೇಳುವುದಿಲ್ಲ, ಮನೆಗೊಬ್ಬರಂತೆ ಬರುತ್ತಾರೆ. ಹೆಂಗಸರು ಬರಬೇಕೆಂದಿಲ್ಲ. ಆದರೂ ಅಂದು ಬಂದಿದ್ದರು. ರೊಟ್ಟಿ ಕೊಡಲು ಬಂದವರು, ಗಂಡನಿಗೆ ಟೋಪಿ ಕೊಡಲು ಬಂದವರು, ಸುಮ್ಮನೆ ಬಂದವರು. ಇಷ್ಟು ಜನ ಯಾಕೆ ಎಂದು ಏವಿಸಳಿಗೆ ಸಿಟ್ಟೇ ಬಂತು. ಸಿಕ್ಕರೆ ಯಾರಿಗೂ ಕಾಣದ ಹಾಗೆ ಶಾಲಿನಲ್ಲಿ ಸುತ್ತಿಕೊಂಡು ಹೋಗುವುದು ಎಂದು ಅವಳು ಲೆಕ್ಕ ಹಾಕಿದ್ದಳು.

ಬಿಸಿಲು ಏರುವ ಮೊದಲೇ ಬಾಗಿಲಿನ ಪಕ್ಕದಲ್ಲಿ ಒಬ್ಬನ ಗುದ್ದಲಿಗೆ ಏನೋ ಸಿಕ್ಕಿತು.

"ಮೊಲದ ಮೂಳೆ," ಎಂದು ಅವನು ಆಚೆ ಎಸೆಯಲು ಹೋದ.

"ಎಸೀಬೇಡ," ಎಂದ ಹ್ಯಾಮೊ. ಇಳಿದು ಬಂದು ಅದನ್ನು ಅಂಗೈ ಮೇಲೆ ಇಟ್ಟುಕೊಂಡ. ಆಮೇಲೆ ಮಣ್ಣನ್ನು ಬೆರಳಿನಲ್ಲೇ ಕೆದಕಿ ತಲೆಬುರುಡೆಯ ಚೂರೊಂದನ್ನು ಎತ್ತಿದ. ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿತ್ತು.

ಏವಿಸ್ ಮುಂದೆ ಹೆಜ್ಜೆಯಿಟ್ಟಳು. ಅಷ್ಟರಲ್ಲಿ ಗೋಪುರದ ಕಡೆ ಅಗೆಯುತ್ತಿದ್ದವನು, "ಮೇಸ್ತ್ರಿ, ಇಲ್ಲೂ ಒಂದಿದೆ," ಎಂದ. ಮಧ್ಯದಲ್ಲಿದ್ದವನು ಗುದ್ದಲಿ ಕೆಳಗಿಟ್ಟು ಮೇಲೆ ಹತ್ತಿಬಂದ. ಅವನ ಕಾಲಬುಡದಲ್ಲಿ ಎರಡಿದ್ದವು, ಒಂದರ ಪಕ್ಕ ಒಂದು. ಸೂರಿನ ಗೆರೆಯುದ್ದಕ್ಕೂ ಕೂಸುಗಳಿದ್ದವು, ಹಳೆಯವು ಹೊಸವು, ಕೆಲವು ಮಣ್ಣಿನದೇ ಬಣ್ಣಕ್ಕೆ ತಿರುಗಿದವು, ಕೆಲವಕ್ಕೆ ಬಟ್ಟೆಯ ಎಳೆಗಳು ಅಂಟಿದ್ದವು. ಯಾವುದೂ ಮೊಳದುದ್ದಕ್ಕಿಂತ ದೊಡ್ಡದಿರಲಿಲ್ಲ.

ಏವಿಸ್ ತಲೆಯೆತ್ತಿ ನೋಡಿದಳು. ಹೆಂಗಸರು ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗಂಡನ ಟೋಪಿ ತಂದವಳು ಅದನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು. ಸಬೀನ್ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಬಾಯಿ ಮುಚ್ಚಿದ್ದನ್ನು ಊರು ಅದೇ ಮೊದಲು ನೋಡಿದ್ದು. ಗುನ್ನಿಲ್ಡಜ್ಜಿ ಒಬ್ಬೊಬ್ಬಳ ಕಿವಿಯಲ್ಲೂ ಹೇಳಿದ್ದಾಳೆ. ಅವಳಿಗಿಂತ ಮೊದಲಿನ ಸೂಲಗಿತ್ತಿಯೂ ಹೇಳಿರಬೇಕು, ಅವಳಿಗಿಂತ ಮೊದಲಿನವಳೂ. ಉಸಿರೆತ್ತಬೇಡ ಎಂದಿದ್ದರು, ಒಬ್ಬಳೂ ಎತ್ತಿರಲಿಲ್ಲ.

ಪಾದ್ರಿ ಪಿಯರ್ಸ್ ಬಂದ. ಊರಿಗೆ ಹೊಸಬ, ಮೆತ್ತನೆಯ ಮನುಷ್ಯ. ಮೇಲಿನವರ, ಅಂದರೆ ಬಿಷಪ್ಪರ ಕಡೆಯವರ, ತಪಾಸಣೆ ಎಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಗೆದದ್ದನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡ.

"ಯಾರ ಕೆಲಸ ಇದು?" ಎಂದ ಡ್ರೂ. ಅವನ ಮುಖ ಕೆಂಪಾಗಿತ್ತು. "ಚರ್ಚಿನ ನೆಲದಲ್ಲಿ, ಕದ್ದು..."

"ತೆಗೀಲೇಬೇಕು," ಎಂದ ಪಾದ್ರಿ, ನೋವಿನಿಂದಲೇ. "ಇದು ಮಂತ್ರಿಸಿದ ನೆಲ. ಜ್ಞಾನಸ್ನಾನ ಆಗದವರು ಇಲ್ಲಿ ಇರೋ ಹಾಗಿಲ್ಲ. ಈ ಕಾನೂನು ನಾನು ಮಾಡಿದ್ದಲ್ಲಪ್ಪ. ಹಳ್ಳದಾಚೆ ಮರ್ಯಾದೆಯಿಂದ ಹೂಳೋಣ."

"ಅದರಲ್ಲೊಂದು ನಮ್ಮದು, ಡ್ರೂ," ಎಂದಳು ಏವಿಸ್.

ಹೇಳಬೇಕೆಂದು ಹೇಳಿದ್ದಲ್ಲ. ಹದಿನೆಂಟು ವರ್ಷ ತುಟಿಯ ಹಿಂದೆ ಇದ್ದದ್ದು ತಾನೇ ಹೊರಗೆ ಬಂತು. ಡ್ರೂ ಅವಳನ್ನು ನೋಡಿದ. ಎದುರಿಗೆ ಯಾರೋ ಪರವೂರಿನವಳು ನಿಂತ ಹಾಗೆ ನೋಡಿದ.

"ಬಾಯಿ ಮುಚ್ಚೇ, ಹಾಳಾದವಳೇ!" ಸಬೀನ್ ಕಿರುಚಿದಳು. "ನಿನಗೊಬ್ಬಳಿಗೇನು ಬಂತು? ಇಷ್ಟು ದಿನ ಯಾರಾದ್ರೂ ಸತ್ತರಾ ಹೇಳದೇ?" ಬೈಯುತ್ತ ಬೈಯುತ್ತಲೇ ಲಂಗ ಎತ್ತಿ ಗುಂಡಿಗೆ ಇಳಿದಳು. ಅಗೆದು ರಾಶಿ ಹಾಕಿದ ಮಣ್ಣನ್ನು ಕಾಲಿನಿಂದ ಒಳಕ್ಕೆ ತಳ್ಳತೊಡಗಿದಳು. ಬಾಯಲ್ಲಿ ಬೈಗುಳ, ಕಾಲಲ್ಲಿ ಆ ಕೆಲಸ. ಗಿರಣಿಯವನು, "ಏ, ಏ, ಅದು ದಾರಿಗೆ ಹಾಕೋ ಮಣ್ಣು," ಎಂದ. ಅವಳು ತಿರುಗಿ ನೋಡಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಉಳಿದ ಹೆಂಗಸರು ಯಾರೂ ಇಳಿಯಲಿಲ್ಲ. ಹೋಗಲೂ ಇಲ್ಲ.

ಡ್ರೂ ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಹ್ಯಾಮೊನ ಕಡೆ ತಿರುಗಿದ.

"ಮಣ್ಣು ತೆಗೀದೇ ಕಟ್ಟೋಕಾಗ್ತದಾ?"

"ಆಗ್ತದೆ. ಕಂಬದ ಬುನಾದಿಗೆ ಬೇಕಾದಷ್ಟು ತೋಡಿ, ಸಿಕ್ಕಿದ್ದನ್ನ ಅಲ್ಲೇ ಪಕ್ಕಕ್ಕೆ ಇಟ್ಟು ಮುಚ್ತೀನಿ. ಆದ್ರೆ ನೆಲ ಮೇಲೆ ಉಳೀತದೆ. ಒಳಗಿಂದ ಮೆಟ್ಟಿಲು ಹತ್ತಿ ಬರ್ಬೇಕು. ಈ ಕಡೆಯಿಂದ ನೋಡಿದ್ರೆ ಕಂಬ ಮೊಣಕಾಲ ತನಕ ಹೂತಂಗೆ ಕಾಣ್ತದೆ. ಮಾಡು ತಲೆ ಮೇಲೇ ಬರ್ತದೆ. ಎತ್ತರದ ಕಿಟಕಿ ಮರೆತುಬಿಡಿ."

"ಹೋಗ್ಲಿ," ಎಂದ ಡ್ರೂ.

"ಡ್ರೂ," ಎಂದ ಪಾದ್ರಿ, "ಇದು ನೆಲದ ಎತ್ತರದ ಮಾತಲ್ಲ."

"ಸ್ವಾಮಿ, ದೊಡ್ಡ ಕಮಾನಿನಿಂದಾಚೆ, ಬಲಿಪೀಠದ ಕಡೆ, ನಿಮ್ಮದು. ಅಲ್ಲಿ ಸೋರಿದ್ರೆ ನೀವು ಕಟ್ಟಿಸ್ಬೇಕು. ಈಚೆ ಕಡೆ ಊರಿನದು. ಸೋರಿದ್ರೆ ನಾವು ಕಟ್ಟಿಸ್ತೀವಿ. ಈಚೆ ಕಡೆ ನೆಲ ಎಷ್ಟು ಎತ್ತರ ಇರ್ಬೇಕು ಅಂತ ಊರು ಹೇಳ್ತದೆ. ನಂಗೆ ಗೊತ್ತಿರೋ ಕಾನೂನು ಅದೊಂದೇ."

"ಮೇಲಿನವರು ಬಂದು ಕೇಳಿದ್ರೆ ನಾನೇನು ಹೇಳ್ಲಿ?"

"ಬಂಡೆ ಸಿಕ್ತು ಅಂತ ಹೇಳಿ," ಎಂದ ಹ್ಯಾಮೊ.

"ಸುಳ್ಳು ಹೇಳೋಕೆ ನನ್ನಿಂದಾಗಲ್ಲ."

"ಹಾಗಾದ್ರೆ ಮೇಸ್ತ್ರಿ ದಡ್ಡ, ಮಟ್ಟ ತಪ್ಪಿದ ಅಂತ ಹೇಳಿ. ನನ್ನ ಬಗ್ಗೆ ಹಾಗೆ ಹೇಳೋರು ಸುತ್ತ ನಾಲ್ಕೂರಲ್ಲಿದ್ದಾರೆ, ಸುಳ್ಳೇನೂ ಆಗಲ್ಲ."

ಪಾದ್ರಿ ಗುಂಡಿಯಲ್ಲಿದ್ದ ಸಬೀನಳನ್ನು ನೋಡಿದ, ದಡದಲ್ಲಿದ್ದ ಹೆಂಗಸರನ್ನು ನೋಡಿದ. ಎಷ್ಟು ಜನ ಎಂದು ಮನಸ್ಸಿನಲ್ಲಿ ಎಣಿಸುತ್ತಿದ್ದನೋ ಏನೋ. ಆಮೇಲೆ ತನ್ನ ಮನೆಯ ಕಡೆ ನಡೆದುಹೋದ. ಒಪ್ಪಿದೆ ಎನ್ನಲಿಲ್ಲ. ಮುಂದೆಂದೂ ಆ ಮಾತು ಎತ್ತಲಿಲ್ಲ.

ಏವಿಸ್ ಗುಂಡಿಗೆ ಇಳಿದಳು. ಹ್ಯಾಮೊ ತಡೆಯಲಿಲ್ಲ. ಬಾಗಿಲಿನ ಹತ್ತಿರದ್ದನ್ನು ನೋಡಿದಳು, ಮಧ್ಯದ ಜೋಡಿಯನ್ನು ನೋಡಿದಳು, ಗೋಪುರದ ಬಳಿಯದನ್ನು ನೋಡಿದಳು. ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದಳು. ಕರುಳು ಹೇಳುತ್ತದೆ ಎಂದು ಜನ ಹೇಳುತ್ತಾರೆ. ಕರುಳು ಏನೂ ಹೇಳಲಿಲ್ಲ. ಮೂಳೆಗಳು ಮೂಳೆಗಳ ಹಾಗೇ ಇದ್ದವು.

ಸಂಜೆ ಮನೆಯಲ್ಲಿ ಡ್ರೂ ಬಟಾಣಿ ಗಂಜಿಯ ಮುಂದೆ ಕೂತವನು ಚಮಚ ಮುಟ್ಟಲಿಲ್ಲ. ಗಂಡುಮಕ್ಕಳು ಉಂಡು ಎದ್ದುಹೋದ ಮೇಲೆ ಮಾತೆತ್ತಿದ.

"ಹಳ್ಳದಾಚೆ ಅಂದಿದ್ಲು ಮುದುಕಿ."

"ಹೂಂ."

"ಎರಡು ಮುಳ್ಳುಗಿಡದ ಮಧ್ಯೆ ಅಂತ ಕೈ ಮಾಡಿ ತೋರಿಸಿದ್ಲು. ನಾನು ಸುತ್ತ ಬೇಲಿ ಕಟ್ಟಿದ್ದೆ. ದನ ತುಳೀಬಾರ್ದು ಅಂತ. ವರ್ಷಾ ವರ್ಷಾ ಸರಿಮಾಡ್ತಿದ್ದೆ."

ಏವಿಸಳಿಗೆ ಆ ಬೇಲಿ ಗೊತ್ತಿತ್ತು. ಕುರಿಮರಿ ಕೂಡಿಹಾಕಲು ಕಟ್ಟಿದ್ದು ಎಂದುಕೊಂಡಿದ್ದಳು.

"ಕುರಿ ನೋಡೋಕೆ ಹೋಗ್ತೀನಿ ಅಂತಿದ್ದೆ."

"ಕುರೀನೂ ನೋಡ್ತಿದ್ದೆ."

"ನನಗೊಂದು ಮಾತು ಹೇಳ್ಬಹುದಿತ್ತು."

"ನೀನು?"

ಅವಳು ಗಂಜಿಯ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದಳು. ಅವನು ಚಮಚ ಎತ್ತಿಕೊಂಡ. ಎರಡು ತುತ್ತು ಉಂಡು, "ಯಾವುದು ಅಂತ ಗೊತ್ತಾಯ್ತಾ?" ಎಂದ.

"ಇಲ್ಲ."

ಪಡಸಾಲೆ ಮುಗಿಯಲು ಎರಡು ಬೇಸಿಗೆ ಹಿಡಿಯಿತು. ಮೊದಲು ಹೊರಗೋಡೆ ಎದ್ದಿತು. ಆಮೇಲೆ ಹಳೆಯ ಗೋಡೆಯಲ್ಲಿ ಒಂದೊಂದೇ ಕಂಡಿ ಕೊರೆದು, ಕಂಬ ನಿಲ್ಲಿಸಿ, ಕಮಾನು ಕಟ್ಟಿ, ಕಡೆಗೆ ಕಮಾನಿನ ಕೆಳಗಿನ ಗೋಡೆ ಕಿತ್ತರು. ಕಲ್ಲಿನ ಮುಖಗಳಲ್ಲಿ ಕೆಲವು ಹೊಸ ಸೂರಿಗೆ ಹೋದವು, ಕೆಲವು ಒಡೆದು ಗೋಡೆಯ ಹೊಟ್ಟೆಗೆ ಸೇರಿದವು. ಹ್ಯಾಮೊ ಹೇಳಿದಂತೆಯೇ ಆಯಿತು. ಒಳಗಿನಿಂದ ನೋಡಿದರೆ ಕಂಬ, ಪಡಸಾಲೆಯ ಕಡೆಯಿಂದ ನೋಡಿದರೆ ಮೋಟು. ಕಿಟಕಿಗಳು ಹಟ್ಟಿಯ ಕಿಂಡಿಗಳಷ್ಟು. ಸ್ಟೆನ್‌ವಿಕ್‌ನವರು ನೋಡಲು ಬಂದು, "ಓರ್ಸ್ಬಿಯವರ ದುಡ್ಡು ಮೊಣಕಾಲಿನ ಹತ್ರ ಮುಗೀತು," ಎಂದು ಸಂತೆಯಲ್ಲಿ ಹೇಳಿಕೊಂಡು ನಕ್ಕರು. ಡ್ರೂ ಅದನ್ನು ಕೇಳಿಸಿಕೊಂಡೂ ಉಣ್ಣೆಯ ಬೆಲೆ ಮಾತಾಡಿದ.

ಚಪ್ಪಡಿ ಹಾಸುವಾಗ ಏವಿಸ್ ಒಂದೇ ಒಂದು ಮಾತು ಹೇಳಿದಳು. "ಸಂದಿಗೆ ಗಾರೆ ತುಂಬಬೇಡಿ ಮೇಸ್ತ್ರಿ."

"ಹುಲ್ಲು ಬರ್ತದೆ ಅಕ್ಕಾ."

"ಬಂದ್ರೆ ಕೀಳ್ತೀನಿ."

ಮಾಡು ಹೊದಿಸಿದ ಮೇಲೆ ಬಂದ ಮೊದಲ ಮಳೆಗೆ ಏವಿಸ್ ಚರ್ಚಿಗೆ ಹೋದಳು. ಈ ಸಲ ನೆಪ ಹುಡುಕಲಿಲ್ಲ. ಮೆಟ್ಟಿಲು ಹತ್ತಿ ಪಡಸಾಲೆಯಲ್ಲಿ ನಿಂತಳು. ತಲೆಯ ಮೇಲೆ ಮಳೆಯ ಸದ್ದು ಜೋರಾಗಿತ್ತು. ಕಾಲ ಕೆಳಗೆ ಚಪ್ಪಡಿ ಒಣಗಿತ್ತು. ಈಗ ಕೂಸುಗಳೆಲ್ಲವೂ ಒಳಗಿದ್ದವು. ಹೊಸ ಬಲಿಪೀಠಕ್ಕೆ ಹತ್ತಿರ, ಪ್ರಾರ್ಥನೆಯ ಮಾತು ಕೇಳಿಸುವಷ್ಟು ಹತ್ತಿರ. ಊರ ದೊಡ್ಡವರಿಗೂ ಇಂಥ ಜಾಗ ಸಿಗುವುದಿಲ್ಲ. ಇದಕ್ಕಿಂತ ಇನ್ನೇನು ಬೇಕೆಂದು ತನ್ನನ್ನೇ ಕೇಳಿಕೊಂಡಳು. ಬೇಕಾದದ್ದು ನೀರು. ನೀರು ಈಗ ಹೊಸ ಗೋಡೆಯ ಆಚೆ, ಏನೂ ಇಲ್ಲದ ಹುಲ್ಲಿನ ಮೇಲೆ ಬೀಳುತ್ತಿತ್ತು.

ಮಾರನೆಯ ದಿನ ಹೆಂಡದ ಹಳೆಯ ಪೀಪಾಯಿಯೊಂದನ್ನು ಉರುಳಿಸಿಕೊಂಡು ಬಂದು ಹೊಸ ಸೂರಿನ ಕೆಳಗೆ ಇಟ್ಟಳು. ಅದು ತುಂಬಿದ ಮೇಲೆ ಬಕೆಟ್ಟು, ಪೊರಕೆ ತಂದಳು. ಚರ್ಚಿನ ನೆಲ ತೊಳೆಯುವ ಹೆಂಗಸನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಎಲ್ಲಿ ಸುರಿಯಬೇಕೆಂದು ಗೊತ್ತಿಲ್ಲದ್ದರಿಂದ ಬಾಗಿಲ ಕಡೆಯಿಂದ ಶುರುಮಾಡಿ ಪ್ರತಿಯೊಂದು ಸಂದಿಗೂ ಸುರಿದಳು. ನೀರು ಒಂದು ಕ್ಷಣ ನಿಂತು, ಹೊಳೆದು, ಕೆಳಕ್ಕೆ ಇಂಗುತ್ತಿತ್ತು. ಅರ್ಧ ದಾರಿಗೆ ಬರುವಾಗ ಬೆನ್ನು ಹಿಡಿದುಕೊಂಡಿತು.

ಹಿಂದೆ ಇನ್ನೊಂದು ಬಕೆಟ್ಟಿನ ಸದ್ದಾಯಿತು. ಸಬೀನ್ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಲಂಗ ಎತ್ತಿ ಸಿಕ್ಕಿಸಿಕೊಂಡು.

"ಏನೇ ಇಷ್ಟು ಸುರೀತೀಯ? ಹೆಂಡಕ್ಕೆ ಬೆರೆಸಿ ಬೆರೆಸಿ ನೀರಿನ ಕೈ ದೊಡ್ಡದಾಗಿದೆ ನಿಂದು."

"ಮಾತು ಸಾಕು. ಆ ಗೋಪುರದ ಕಡೆಯಿಂದ ಬಾ ನೀನು."

"ಆ ಕಡೆ ಹೋದ ವಾರಾನೇ ಸುರಿದೆ," ಎಂದಳು ಸಬೀನ್. ಬಕೆಟ್ಟು ಕೆಳಗಿಟ್ಟು, ಸ್ವಲ್ಪ ಹೊತ್ತು ನೆಲ ನೋಡಿದಳು. "ಇನ್ನೊಂದ್ಸಲ ಸುರಿದ್ರೆ ಏನೂ ಆಗಲ್ಲ," ಎಂದು ಆ ಕಡೆ ನಡೆದಳು.